ದಿನಕ್ಕೆ ಮೂರು ಒಡಪು

ನನ್ನ ಗಂಡ ನನ್ನನ್ನು ಮರೆತದ್ದು ಒಂದು ಮಧ್ಯಾಹ್ನ, ಊಟದ ಹೊತ್ತಿನಲ್ಲಿ. ಅದಕ್ಕೆ ಮುಂಚೆ ಬೇರೆ ಬಹಳಷ್ಟು ಮರೆತಿದ್ದರು. ಚಪ್ಪಲಿ ಎಲ್ಲಿ ಬಿಟ್ಟದ್ದು, ಅಣ್ಣ ತೀರಿಕೊಂಡದ್ದು, ನಮ್ಮ ಓಣಿಗೆ ಎಲ್ಲಿ ತಿರುಗಬೇಕು ಎನ್ನುವುದು, ಎಲ್ಲ ಒಂದೊಂದಾಗಿ ಉದುರಿಹೋಗಿದ್ದವು. ನಾನು ಅದನ್ನು ದೊಡ್ಡದು ಮಾಡಿರಲಿಲ್ಲ. ಗಂಡಸರು ಮೊದಲಿನಿಂದಲೂ ಅರ್ಧ ಮರೆತೇ ಬದುಕುವವರು, ನೆನಪಿಡುವ ಕೆಲಸ ಹೆಂಗಸರದು ಎಂದು ತಿಳಿದವಳು ನಾನು. ಆದರೆ ಆ ದಿನ ರೊಟ್ಟಿ, ಪುಂಡಿಪಲ್ಯ ತಾಟಿಗೆ ಹಾಕಿ ಮುಂದಿಟ್ಟರೆ ತಾಟು ಸರಿಸಿದರು. ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು:

"ಯವ್ವಾ, ನೀವು ಯಾರ ಮನಿಯವರೋ ಏನೋ. ನನ್ನ ಹೆಂಡ್ತಿ ಹೊರಗ ಹೋಗ್ಯಾಳ. ಆಕಿ ಬಂದು ನೋಡಿದ್ರ ನಿಮಗೂ ಚಲೋ ಅಲ್ಲ, ನನಗೂ ಚಲೋ ಅಲ್ಲ."

ನಗಿಸಲಿಕ್ಕೆ ಚಾಷ್ಟಿ ಮಾಡುತ್ತಿದ್ದಾರೆ ಎಂದುಕೊಂಡೆ. ಆದರೆ ಈ ಮನುಷ್ಯ ಹುಟ್ಟಿದಾಗಿನಿಂದ ಚಾಷ್ಟಿ ಮಾಡಿದವರಲ್ಲ. ಹೆಂಡತಿ ಬರುವ ತನಕ ಕಾಯುತ್ತೇನೆ ಎಂದು ಗೋಡೆಗೆ ಬೆನ್ನು ಹಚ್ಚಿ ಕೂತರು. ಹೆಂಡತಿ ಎದುರಿಗೇ ಕೂತಿದ್ದಳು, ಕೈಯಲ್ಲಿ ಬೀಸಣಿಗೆ ಹಿಡಿದುಕೊಂಡು.

ಅಂದಿನಿಂದ ನನ್ನ ಕೈಯ ಊಟ ನಿಂತಿತು. ಸೊಸೆ ಕೊಟ್ಟರೂ ಅಷ್ಟೇ. ಯಾರ ಮನೆಯ ಹೆಣ್ಣುಮಗಳೋ ಎಂದು ತಲೆ ಎತ್ತದೆ ಕೂರುತ್ತಿದ್ದರು. ಮಗ ಕೊಟ್ಟರೆ ಉಣ್ಣುತ್ತಿದ್ದರು. ಆದರೆ ಮಗ ದೇವದುರ್ಗದ ಸಾಲಿಯಲ್ಲಿ ಮಾಸ್ತರ. ಬೆಳಗಿನ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೇ ರಾಯಚೂರಿಗೆ ವಾಪಸ್ಸು. ಹಗಲೆಲ್ಲ ನೀರು, ಸಂಜೆಗೆ ಒಂದು ರೊಟ್ಟಿ. ಅಂಗಿ ಮೈಮೇಲೆ ಜೋತುಬಿತ್ತು, ಕೊರಳಿನ ಎಲುಬು ಎದ್ದು ಕಂಡಿತು.

ನನ್ನ ಗಂಡ ಪರರ ಹೆಂಡತಿಯ ಕಡೆ ಕಣ್ಣೆತ್ತಿ ನೋಡಿದವರಲ್ಲ. ಓಣಿಯ ಹೆಂಗಸರು ಎದುರು ಬಂದರೆ ಪಕ್ಕಕ್ಕೆ ಸರಿದು ಗೋಡೆ ನೋಡುತ್ತಿದ್ದರು. ಇಷ್ಟು ವರ್ಷ ಅದನ್ನು ನಾನು ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಕೊನೆಗೆ ಆ ಒಳ್ಳೆಯ ಗುಣವೇ ವೈರಿಯಾಯಿತು. ತುಸು ಪೋಲಿ ಗಂಡ ಸಿಕ್ಕಿದ್ದರೆ ಹೊಟ್ಟೆ ತುಂಬ ಉಂಡು ಆರಾಮಾಗಿ ಇರುತ್ತಿದ್ದ.

ಉಣ್ಣದಿದ್ದರೂ ಮಾತಿಗೇನೂ ಕಡಿಮೆ ಇರಲಿಲ್ಲ. ಯಾರೋ ಬಂದ ಹೆಂಗಸು, ಬಡಪಾಯಿ, ಹೋಗು ಎಂದರೂ ಹೋಗುವುದಿಲ್ಲ ಎಂದು ಅವರಿಗೆ ನನ್ನ ಮೇಲೆ ಕನಿಕರ ಬಂದಿತ್ತು. ಆದ್ದರಿಂದ ತಮ್ಮ ಸುಖದುಃಖ ಹೇಳಿಕೊಳ್ಳುತ್ತಿದ್ದರು. ಸುಖ ಏನೂ ಇರಲಿಲ್ಲ, ಎಲ್ಲ ಹೆಂಡತಿಯ ದೂರೇ. ಆಕೆಯ ಬಾಯಿ ಬಹಳ ಜೋರಂತೆ. ಹಟಮಾರಿಯಂತೆ. ಸಾರಿಗೆ ಉಪ್ಪು ಹಾಕುವುದು ಆಕೆಗೆ ಗೊತ್ತೇ ಇಲ್ಲವಂತೆ, ಹೇಳಿದರೆ ಡಬ್ಬಿಯನ್ನೇ ತಂದು ಮುಂದೆ ಕುಕ್ಕುತ್ತಾಳಂತೆ. ಒಂದು ದಿನ ನನಗೆ ತಡೆಯಲಾಗಲಿಲ್ಲ.

"ಅಷ್ಟು ಕೆಟ್ಟಾಕಿ ಇದ್ರ ಆಕಿಗಿ ಯಾಕ ಕಾಯಾಕತ್ತೀರಿ?" ಎಂದೆ.

ಅವರು ನನ್ನನ್ನು ಬುದ್ಧಿಗೇಡಿಯನ್ನು ನೋಡುವಂತೆ ನೋಡಿದರು. "ಮತ್ಯಾರಿಗಿ ಕಾಯ್ಲಿ?" ಎಂದರು.

ನಾನು ಎದ್ದು ಒಳಗೆ ಹೋಗಿ ಸಾರಿನ ಉಪ್ಪು ನೋಡಿದೆ. ಸರಿಯಾಗಿಯೇ ಇತ್ತು.

ಮಗ ರಜೆ ಹಾಕಿ ನಮ್ಮಿಬ್ಬರನ್ನೂ ರಾಯಚೂರಿನಲ್ಲೇ ಒಬ್ಬ ಡಾಕ್ಟರರ ಹತ್ತಿರ ಕರೆದುಕೊಂಡು ಹೋದ. ಚಿಕ್ಕ ವಯಸ್ಸಿನವರು, ಬೆಂಗಳೂರಿನ ಕಡೆಯ ಮಾತು, ಹೊಸದಾಗಿ ಈ ಊರಿಗೆ ಬಂದವರು. ಮಗ ಚೀಟಿ ಮಾಡಿಸಲು ಹೊರಗೆ ನಿಂತಿದ್ದ. ಡಾಕ್ಟರರು ನನ್ನ ಗಂಡನನ್ನು ಹೆಸರು ಕೇಳಿದರು. ಅವರು ನನ್ನ ಮುಖ ನೋಡಿದರು. ಡಾಕ್ಟರರು ನನ್ನನ್ನು ಕೇಳಿದರು. ನಾನು ಗೋಡೆಯ ಕ್ಯಾಲೆಂಡರು ನೋಡಿದೆ.

"ಅಮ್ಮಾ, ನಿಮ್ಮ ಯಜಮಾನರ ಹೆಸರೇನು?"

"ಗೊತ್ತದ್ರಿ."

"ಹೇಳಿ ಮತ್ತೆ."

"ಹೇಳಂಗಿಲ್ರಿ."

ನಮ್ಮ ಕಡೆ ಹೆಂಡತಿ ಗಂಡನ ಹೆಸರು ಬಾಯಿಂದ ತೆಗೆಯುವುದಿಲ್ಲ. ತೆಗೆದರೆ ಗಂಡನ ಆಯುಷ್ಯ ಸವೆಯುತ್ತದೆ ಎಂದು ನಮ್ಮ ಅವ್ವ ಹೇಳಿದ್ದಳು, ಆಕೆಗೆ ಆಕೆಯ ಅವ್ವ. ಹೆಸರು ಹೇಳಲು ಒಂದೇ ಪರವಾನಗಿ ಎಂದರೆ ಒಡಪು. ಮದುವೆಯಲ್ಲಿ, ಕುಬಸದಲ್ಲಿ ನಾಲ್ಕು ಹೆಂಗಸರು ಸೇರಿ ಅಡ್ಡಗಟ್ಟಿ ಕೇಳಿದರೆ, ಪ್ರಾಸ ಕೂಡಿಸಿದ ಎರಡು ಸಾಲಿನ ಪದ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳಬೇಕು. ಪದದೊಳಗೆ ಕೂತ ಹೆಸರಿಗೆ ದೋಷವಿಲ್ಲ. ಡಾಕ್ಟರರ ಕೋಣೆಯಲ್ಲಿ ನಾನು ಒಡಪು ಹೇಳುತ್ತ ಕೂರಲಿಕ್ಕಾಗುತ್ತದೆಯೆ?

ಡಾಕ್ಟರರು ತಲೆಯಾಡಿಸಿ ಏನೋ ಬರೆದುಕೊಂಡರು. ಆಮೇಲೆ ನನ್ನ ಕಡೆಗೇ ಕುರ್ಚಿ ತಿರುಗಿಸಿದರು. ಇವತ್ತು ಯಾವ ವಾರ, ನಾವು ಯಾವ ಊರಿನಲ್ಲಿದ್ದೇವೆ ಎಂದು ಕೇಳಿದರು. ಊರಿಗೆ ಹೊಸಬರಲ್ಲವೆ, ಗೊತ್ತಿರಲಿಕ್ಕಿಲ್ಲ ಎಂದು ತಿಳಿಸಿ ಹೇಳಿದೆ. ನೂರರಲ್ಲಿ ಏಳು ಕಳೆಯಿರಿ ಎಂದರು. ಏಳು ಯಾಕೆ ಕಳೆಯಬೇಕು, ಯಾರು ಒಯ್ದರು ಎಂದು ಕೇಳಿದೆ. ಅದನ್ನೂ ಬರೆದುಕೊಂಡರು. ಕೊನೆಗೆ ಕಾಗದ ಕೊಟ್ಟು ಗಡಿಯಾರದ ಚಿತ್ರ ಬರೆಯಲು ಹೇಳಿದರು. ನಮ್ಮ ಮನೆಯ ಗಡಿಯಾರದ ದೊಡ್ಡ ಮುಳ್ಳು ಮುರಿದುಬಿದ್ದು ಬಹಳ ಕಾಲವಾಗಿದೆ. ಇದ್ದದ್ದನ್ನು ಇದ್ದ ಹಾಗೆ, ಒಂದೇ ಮುಳ್ಳು ಬರೆದು ಕೊಟ್ಟೆ. ಡಾಕ್ಟರರ ಮುಖ ಬಹಳ ಗಂಭೀರವಾಯಿತು.

ಅಷ್ಟರಲ್ಲಿ ನನ್ನ ಗಂಡ ಮೇಜಿನ ಮೇಲಿನ ಡಬ್ಬಿಯಿಂದ ಹತ್ತಿ ತೆಗೆದು ಎರಡೂ ಹೆಬ್ಬೆರಳ ನಡುವೆ ಎಳೆದು ನೋಡುತ್ತಿದ್ದರು. ಜಿನ್ನಿಂಗ್ ಮಿಲ್ಲಿನಲ್ಲಿ ಬಂದ ಹತ್ತಿಯ ಎಳೆ ಹಿರಿದು ದರ್ಜೆ ಹೇಳುವುದು ಅವರ ಕೆಲಸವಾಗಿತ್ತು. ಕೆಲಸ ಬಿಟ್ಟರೂ ಕೈ ಬಿಟ್ಟಿರಲಿಲ್ಲ. ಮನೆಯಲ್ಲಿ ಒಂದು ತಲೆದಿಂಬೂ ನೆಟ್ಟಗೆ ಉಳಿದಿರಲಿಲ್ಲ. "ನೀರು ಹೊಡದಾರ. ತೂಕಕ್ಕ ಮೋಸ. ಗಾಡಿ ವಾಪಸ್ ಕಳಸ್ರಿ" ಎಂದು ಡಾಕ್ಟರರಿಗೆ ಹೇಳಿ ಹತ್ತಿಯನ್ನು ಕೆಳಗೆ ಒಗೆದರು.

ಮಗ ಒಳಗೆ ಬಂದಾಗ ಡಾಕ್ಟರರು ಅವನನ್ನು ಹತ್ತಿರ ಕರೆದು, ತಂದೆಯವರದು ಇರಲಿ, ತಾಯಿಯವರದು ಇನ್ನೂ ಮುಂದುವರಿದಂತೆ ಕಾಣುತ್ತದೆ, ಇಬ್ಬರ ತಲೆಯ ಸ್ಕ್ಯಾನೂ ಮಾಡಿಸೋಣ ಎಂದರು. ಮಗ ವಿಷಯ ಬಿಡಿಸಿ ಹೇಳುವುದರೊಳಗೆ ನನಗೆ ಸಾಕುಸಾಕಾಯಿತು. ಆದರೆ ಆ ಹುಡುಗ ಡಾಕ್ಟರರು ನೆಟ್ಟಗಿನ ಮನುಷ್ಯ. ನಗಲಿಲ್ಲ, ಸುಳ್ಳೂ ಹೇಳಲಿಲ್ಲ. ಇದು ಅಲ್ಜೈಮರ್ ಎಂಬ ರೋಗ, ಹೋದದ್ದು ವಾಪಸ್ಸು ಬರುವುದಿಲ್ಲ, ಹೋಗುವುದನ್ನು ತುಸು ನಿಧಾನ ಮಾಡಲು ಗುಳಿಗೆ ಕೊಡುತ್ತೇನೆ ಎಂದರು. ಊಟ ಮಾತ್ರ ತಪ್ಪಬಾರದು, ಹೀಗೇ ಇಳಿಯುತ್ತ ಹೋದರೆ ರೋಗಕ್ಕಿಂತ ಮೊದಲು ನಿಶ್ಶಕ್ತಿಯೇ ಒಯ್ಯುತ್ತದೆ ಎಂದೂ ಹೇಳಿದರು. ಹಾಗಾದರೆ ನನ್ನ ಗುರುತು ಬರುವಂತೆ ಏನಾದರೂ ಕೊಡಿ, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ ಎಂದೆ. ಅದಕ್ಕೆ ಗುಳಿಗೆ ಇಲ್ಲಮ್ಮಾ ಎಂದರು.

ಡಾಕ್ಟರರು ಇಲ್ಲ ಎಂದ ಕೂಡಲೇ ನಮ್ಮ ಓಣಿಯಲ್ಲಿ ಎಲ್ಲರೂ ಡಾಕ್ಟರರಾದರು. ಎದುರು ಮನೆಯಾಕೆ ಒಂದೆಲಗದ ಚಟ್ನಿ ಎಂದಳು. ಹಿಂದಿನ ಮನೆಯಾಕೆ ಕೊಬ್ಬರಿ ಎಣ್ಣೆ ಎಂದಳು, ಮೊಬೈಲಿನಲ್ಲಿ ಯಾರೋ ಹೇಳುವುದನ್ನು ತೋರಿಸಿದಳು. ನೆನೆಸಿದ ಬದಾಮಿ, ಮೂಗಿಗೆ ತುಪ್ಪ, ಬೂದಗುಂಬಳದ ರಸ, ಯಾವುದನ್ನೂ ನಾನು ಬಿಡಲಿಲ್ಲ. ಆದರೆ ಪರರ ಹೆಂಡತಿ ಅರೆದು ಕೊಟ್ಟ ಚಟ್ನಿಯನ್ನು ನನ್ನ ಗಂಡ ಮುಟ್ಟಬೇಕಲ್ಲ. ಚೆಲ್ಲಲು ಮನಸ್ಸು ಬರದೆ ಒಂದೆಲಗ, ಬದಾಮಿ ಎಲ್ಲವನ್ನೂ ನಾನೇ ತಿಂದೆ. ಔಷಧ ಚಲೋ ಇತ್ತು. ನನ್ನ ನೆನಪು ಕತ್ತಿಯಂತಾಯಿತು. ನಾದಿನಿ ನನ್ನ ಮದುವೆಯ ಹೊಸತರಲ್ಲಿ ಆಡಿದ ಮಾತುಗಳೆಲ್ಲ ಸಾಲಾಗಿ ನೆನಪಿಗೆ ಬಂದು ಫೋನ್ ಮಾಡಿ ಜಗಳ ತೆಗೆದೆ.

ಆಗ ಮಗ ಜಾಲಹಳ್ಳಿಯ ಸುದ್ದಿ ತಂದ. ಅವನ ಸಾಲಿಯ ಇನ್ನೊಬ್ಬ ಮಾಸ್ತರರ ಮಾವನಿಗೆ ಅಲ್ಲಿಯ ಅಜ್ಜ ಒಬ್ಬರು ನಾಟಿ ಔಷಧ ಕೊಟ್ಟು, ಮಾವ ಮನೆಯವರನ್ನೆಲ್ಲ ಗುರುತು ಹಿಡಿದು ಒಬ್ಬೊಬ್ಬರನ್ನೂ ಬೈದನಂತೆ. ನಮಗೂ ಅಷ್ಟೇ ಬೇಕಾಗಿತ್ತು. ಬೈದರೆ ಸಾಕು.

ರಾಯಚೂರಿನಿಂದ ದೇವದುರ್ಗ, ಅಲ್ಲಿಂದ ಜಾಲಹಳ್ಳಿ. ಬಸ್ಸಿನಲ್ಲಿ ನನ್ನ ಗಂಡ ನನ್ನ ಪಕ್ಕ ಕೂರಲು ಒಪ್ಪಲಿಲ್ಲ. ಮಗನ ಪಕ್ಕ ಕೂತು ಗಬ್ಬೂರು ದಾಟುವ ತನಕ ಹಿಂದೆ ತಿರುಗಿ ತಿರುಗಿ ನೋಡಿ, ಆ ಹೆಂಗಸು ನಮ್ಮ ಹಿಂದೆಯೇ ಬರುತ್ತಿದ್ದಾಳೆ, ಯಾಕೆ ಕೇಳು ಎಂದು ಮಗನಿಗೆ ಚಿವುಟಿದರು. ಕಂಡಕ್ಟರನೂ ನನ್ನನ್ನು ಒಂದು ನಮೂನಿ ನೋಡಿದ.

ಔಷಧದ ಅಜ್ಜ ಬೇವಿನ ಗಿಡದ ಕೆಳಗೆ ಕೂತಿದ್ದರು. ನಾಡಿ ಹಿಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು. ಹಸಿರು ಪುಡಿ ಕಟ್ಟಿಕೊಟ್ಟು, ಜೇನುತುಪ್ಪದಲ್ಲಿ ಕಲಸಿ ಸೂರ್ಯ ಹುಟ್ಟುವಾಗ ನಾಲಿಗೆಗೆ ಸವರಬೇಕು ಎಂದರು. ಮಗ ಸವರಿದರೂ ನಡೆಯುತ್ತದೆ. ಆದರೆ ಸವರುವಾಗ ಹೆಂಡತಿ ಬಲಗಿವಿಯಲ್ಲಿ ಹೆಸರು ಹಿಡಿದು ಕರೆಯಬೇಕು.

"ಪುಡಿ ಅರ್ಧ ಔಷಧ, ಹೆಸರು ಅರ್ಧ," ಎಂದರು. "ಕರೀಲಿಲ್ಲ ಅಂದ್ರ ಹೋದವರು ಹೆಂಗ ತಿರುಗಿ ನೋಡತಾರ?"

"ಅಜ್ಜಾರ, ಹೆಸರು ಬಿಟ್ಟು ಬ್ಯಾರೆ ಏನರ ಹೇಳ್ರಿ," ಎಂದೆ. "ಉಪ್ಪು ಬಿಡತೀನಿ. ಹುಳಿ ಬಿಡತೀನಿ. ಒಪ್ಪತ್ತು ಇರತೀನಿ."

"ಉಪ್ಪು ಬಿಟ್ರ ನಿನಗ ಗುಣ ಆಗತದ, ಅವಗಲ್ಲ," ಎಂದು ಅಜ್ಜ ಮುಂದಿನವರನ್ನು ಕರೆದರು.

ಮರುದಿನ ಬೆಳಗ್ಗೆ ಮನೆಯಲ್ಲಿ ನಡೆದ ಕತೆ ಕೇಳಬೇಕು. ಮಗ ಪುಡಿ ಸವರಿದ. ನಾನು ಬಲಗಿವಿಗೆ ಬಾಗಿದೆ. ಬಾಯಿ ತೆರೆದೆ. ಹೆಸರು ಗಂಟಲ ತನಕ ಬಂದು ಅಲ್ಲೇ ಕೂತಿತು, ಬಾಯಿಂದ ಬಂದದ್ದು "ರೀ" ಎಂದಷ್ಟೇ. "ಏನ ಬೇಕ್ರಿ ಯವ್ವಾ?" ಎಂದರು ಕಣ್ಣು ಮುಚ್ಚಿಕೊಂಡೇ. ಮಗನಿಗೆ ನೀನೇ ಕೂಗು ಎಂದೆ. ಸಾಲಿಯಲ್ಲಿ ದಿನಾ ಹಾಜರಿ ಕೂಗುವ ಮನುಷ್ಯ, ಅಪ್ಪನ ಹೆಸರನ್ನು ಅಪ್ಪನ ಮುಖಕ್ಕೆ ಹೇಗೆ ಕೂಗಲಿ ಎಂದು ಹಿಂದೆ ಸರಿದ. ಸೊಸೆಯ ಕಡೆ ನೋಡಿದೆ. ಆಕೆ ಸೆರಗು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಓಡಿದಳು, ಅಳಲಿಕ್ಕೋ ನಗಲಿಕ್ಕೋ ತಿಳಿಯಲಿಲ್ಲ. ಹೆಸರಿದ್ದ ಒಬ್ಬ ಮನುಷ್ಯನ ಮನೆಯಲ್ಲಿ ಆ ಹೆಸರು ಹೇಳುವವರು ಒಬ್ಬರೂ ಇರಲಿಲ್ಲ.

ಮಗ ಒಂದು ಉಪಾಯ ಮಾಡಿದ. ಮಿಲ್ಲಿನಲ್ಲಿ ಅವರ ಜೊತೆ ಕೆಲಸ ಮಾಡಿದ ಗೆಳೆಯರೊಬ್ಬರನ್ನು ಮಾರನೆಯ ಬೆಳಗ್ಗೆ ಕರೆಸಿದ. ಆ ಪುಣ್ಯಾತ್ಮ ಬಾಗಿಲಲ್ಲೇ ನಿಂತು, ಹೆಸರಿನ ಹಿಂದೆ ಒಂದು 'ಲೇ' ಸೇರಿಸಿ, ಮಿಲ್ಲಿನ ಸದ್ದಿನಲ್ಲಿ ಕೂಗಿ ರೂಢಿಯಾದ ದನಿಯಲ್ಲಿ ಕೂಗಿದ. ನನ್ನ ಗಂಡ ಥಟ್ಟನೆ ಎದ್ದರು. ಔಷಧ ಹತ್ತಿತು ಎಂದುಕೊಂಡೆ. ಅವರು ಅಂಗಿ ತೊಟ್ಟು, ಟೊಪ್ಪಿಗೆ ಇಟ್ಟು, ಪಾಳಿಗೆ ತಡವಾಯಿತೆಂದು ಗೆಳೆಯನ ಹೆಗಲ ಮೇಲೆ ಕೈಹಾಕಿ ಹೊರಟೇಬಿಟ್ಟರು. ಇಬ್ಬರೂ ಸ್ಟೇಷನ್ ರಸ್ತೆಯ ಹೋಟೆಲಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿಂದು, ಚಹಾ ಕುಡಿದು, ಮಧ್ಯಾಹ್ನಕ್ಕೆ ಬಂದರು. ಗೆಳೆಯನಿಗೆ ಅದರಿಂದ ಎದೆಯುರಿ ಬಂದು ಮತ್ತೆ ನಮ್ಮ ಮನೆಯ ಕಡೆ ತಲೆಹಾಕಲಿಲ್ಲ.

ನಗು ಬರುತ್ತದೆ, ಆದರೆ ಆಗ ನಗು ಬಂದಿರಲಿಲ್ಲ. ಆ ಪುಡಿಯ ಮೇಲೆ ನನಗೆ ನಂಬಿಕೆ ಇತ್ತು. ಹೋದದ್ದು ಬರುವುದಿಲ್ಲ ಎಂದ ಡಾಕ್ಟರರ ಮೇಲೂ ಇತ್ತು. ಎರಡೂ ಒಟ್ಟಿಗೆ ನಿಜವಾಗಲಾರವು ಎಂಬುದು ನನಗೂ ಗೊತ್ತು, ನಾನೇನು ಅಷ್ಟು ದಡ್ಡಿಯಲ್ಲ. ಆದರೂ ಮುಖ ತೊಳೆಸಲು ಹೋದರೆ ಟವೆಲನ್ನು ಕಸಿದುಕೊಂಡು ನಾಚುವ ಗಂಡನನ್ನು ನೋಡುತ್ತ, ಪುಡಿ ಹತ್ತದಿರುವುದು ನನ್ನ ಬಾಯಿಯಿಂದಲೇ ಎಂದು ಅನಿಸುತ್ತಿತ್ತು. ಆಯುಷ್ಯ ಸವೆಯಬಾರದೆಂದು ಹೆಸರು ಹೇಳದೆ ಜ್ವಾಕಿಯಿಂದ ಕಾಪಾಡಿಕೊಂಡ ಗಂಡ ಉಪವಾಸ ಬಿದ್ದು ಹೋದರೆ ಆ ಜ್ವಾಕಿಗೆ ಏನು ಬೆಲೆ?

ಇಂಥ ಹೊತ್ತಿನಲ್ಲಿ ಮಾನ್ವಿಯಿಂದ ಮಗಳು ಫೋನ್ ಮಾಡಿದಳು. ಆಕೆಯ ಮಗಳಿಗೆ, ಅಂದರೆ ನನ್ನ ಮೊಮ್ಮಗಳಿಗೆ, ಕುಬಸ. ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಿ ಊಟ ಹಾಕುವ ಕಾರ್ಯ. ಬರುವುದಿಲ್ಲ ಎಂದೆ. ಅಜ್ಜಿ ಇಲ್ಲದ ಕುಬಸ ಎಂಥದು, ಅಪ್ಪನನ್ನೂ ಕರೆದುಕೊಂಡು ಬಾ ಎಂದು ಹಟ ಹಿಡಿದಳು. ಹಟ ಅವಳಿಗೆ ಯಾರಿಂದ ಬಂತೋ ಗೊತ್ತಿಲ್ಲ.

ಕಾರ್ಯ ಮಾನ್ವಿಯಲ್ಲೇ ಮೊಮ್ಮಗಳ ಅತ್ತೆಯ ಮನೆಯಲ್ಲಿ, ಹೆಂಗಸರೇ ತುಂಬಿದ್ದರು. ನನ್ನ ಗಂಡ ಗಾಬರಿಯಾಗಿ ಅಂಗಳದಲ್ಲಿದ್ದ ಹಗ್ಗದ ಹೊರಸಿನ ಮೇಲೆ ಕೂತುಬಿಟ್ಟರು. ಮಗ ಬೆಳಗ್ಗೆ ಕೊಟ್ಟ ಚಹಾ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಆವತ್ತು ಮಗ ತಾಟು ಹಿಡಿದುಕೊಂಡು ಹೋದರೂ ಬೇಡ ಎಂದರು. ಇದು ಪರರ ಮನೆ, ಕಾರ್ಯದ ಮನೆ, ಹೆಂಡತಿ ಬರದೆ ನಾನೊಬ್ಬನೇ ಹೇಗೆ ಉಣ್ಣಲಿ ಎಂದು ಕೈ ಕಟ್ಟಿದರು. ಮಗಳು ಬಂದು ಕಾಲು ಹಿಡಿದಳು. ಆಕೆಗೂ ಅದೇ ಮಾತು. ನಾನು ದೂರದಿಂದ ನೋಡುತ್ತಿದ್ದೆ.

ಒಳಗೆ ಬಳೆ ತೊಡಿಸಿದ್ದಾಯಿತು, ಒಡಪು ಶುರುವಾಯಿತು. ಬಸುರಿ ಹೇಳಿದಳು, ಮಗಳು ಹೇಳಿದಳು. ಆಮೇಲೆ ಮೊಮ್ಮಗಳ ಅತ್ತೆ ಎದ್ದು ನನ್ನನ್ನು ಹಿಡಿದಳು. ಅಜ್ಜಿ ಹೆಸರು ಹೇಳುವ ತನಕ ಯಾರಿಗೂ ಎಲೆ ಹಾಕುವುದಿಲ್ಲ ಎಂದಳು. ಈ ವಯಸ್ಸಿನಲ್ಲಿ ಬೇಡ ಎಂದು ಕೊಸರಿಕೊಂಡೆ. ಆಕೆ ಸುಮ್ಮನಿರುವ ಹೆಂಗಸಲ್ಲ.

"ಯಾಕ್ ಬೇ, ಅಜ್ಜಿಗಿ ಹೆಸರು ಮರ್ತು ಹೋಗ್ಯದೇನು? ಅಜ್ಜನ ರೋಗ ಅಜ್ಜಿಗೂ ಹತ್ತಿತೇನು?"

ಹೆಂಗಸರು ನಕ್ಕರು. ಅಂದು ಡಾಕ್ಟರರು ಅಂದುಕೊಂಡದ್ದನ್ನೇ ಈಕೆ ಬಾಯಿಬಿಟ್ಟು ಅಂದಿದ್ದಳು. ನನಗೆ ಸಿಟ್ಟು ನೆತ್ತಿಗೇರಿತು. ಮಗ ವಾಪಸ್ಸು ತಂದಿಟ್ಟಿದ್ದ ತಾಟು ಎತ್ತಿಕೊಂಡು, ಹೆಂಗಸರನ್ನು ಸರಿಸಿ, ಸೀದಾ ಅಂಗಳಕ್ಕೆ ಬಂದು ಹೊರಸಿನ ಮುಂದೆ ನಿಂತೆ. ಮದುವೆಯಲ್ಲಿ ಗಂಡು ಹೆಣ್ಣು ಒಬ್ಬರಿಗೊಬ್ಬರು ತುತ್ತು ಕೊಡುವಾಗ ನಾನು ಹೇಳಿದ್ದ ಒಡಪನ್ನೇ ಇಡೀ ಓಣಿಗೆ ಕೇಳುವಂತೆ ಹೇಳಿದೆ:

"ಬಿಳಿಜ್ವಾಳದ ರೊಟ್ಟಿ, ಬೆಣ್ಣಿ ಮ್ಯಾಲ ಸಕ್ಕರಿ,
ನಮ್ಮ ಇಂಥವರ ಮ್ಯಾಲ ನನಗ ಭಾಳ ಅಕ್ಕರಿ."

ಇಂಥವರ ಎಂಬಲ್ಲಿ ಅವರ ಹೆಸರು. ಬಾಯಿಂದ ಹೇಳಿದ್ದೇನೆ, ಕಾಗದದ ಮೇಲೆ ಬರೆಯುವಷ್ಟು ಇನ್ನೂ ಕೆಟ್ಟಿಲ್ಲ.

ನನ್ನ ಗಂಡ ತಲೆ ಎತ್ತಿದರು. ನನ್ನನ್ನು ಕೆಳಗಿನಿಂದ ಮೇಲೆ ನೋಡಿದರು. ಆಮೇಲೆ ಹೊರಸಿನ ಮೇಲೆ ಒಂದು ಕಡೆ ಸರಿದು ನನಗೆ ಜಾಗ ಬಿಟ್ಟರು. ನಾನು ಕೂತೆ. ರೊಟ್ಟಿಯ ತುತ್ತು ಮುರಿದು ಬಾಯಿಯ ಹತ್ತಿರ ಒಯ್ದೆ. ಅವರು ಕೈ ಅಡ್ಡ ಹಿಡಿದರು, ಇನ್ನೂ ಒಂದು ಕೆಲಸ ಬಾಕಿ ಇದೆ ಎನ್ನುವಂತೆ. ಗಂಟಲು ಸರಿಮಾಡಿಕೊಂಡರು.

"ಕೃಷ್ಣಾ ಹೊಳಿಯಾಗ ಕೆಂಪನೆ ನೀರು,
ಇಕಿ ಮಾಡಿದ ಸಾರಿಗಿ ಉಪ್ಪು ಹಾಕಿದವರ್ಯಾರು?"

ಮದುವೆಯ ದಿನ ಅವರು ಹೇಳಿದ್ದೂ ಇದೇ. ಗೆಳೆಯರು ಯಾರೋ ಕಲಿಸಿಕೊಟ್ಟದ್ದು. ಆಗ ನಾನು ಆ ಮನೆಯಲ್ಲಿ ಇನ್ನೂ ಒಲೆಯ ಮುಂದೆ ಕೂತಿರಲೂ ಇಲ್ಲ. ಹೆಂಗಸರು ಬಾಗಿಲ ತುಂಬ ನೆರೆದಿದ್ದರು. ಮೊಮ್ಮಗಳ ಅತ್ತೆ ಈಗಲೂ ಬಿಡಲಿಲ್ಲ.

"ಅಜ್ಜಾ, 'ಇಕಿ' ಅಂದ್ರ ನಡೆಂಗಿಲ್ಲ. ಹೆಸರು ಹೇಳ್ರಿ."

ಅವರು ನನ್ನ ಮುಖ ನೋಡಿದರು. ಹುಡುಕುತ್ತಿದ್ದಾರೆಂದು ಕಂಡಿತು. ಹಣೆಯ ಗೆರೆ ಗಟ್ಟಿಯಾದವು, ತುಟಿ ಅಲುಗಿದವು, ಏನೂ ಸಿಗಲಿಲ್ಲ.

"ಇಕಿ ಅಂದ್ರ ಇಕಿನ," ಎಂದರು ಕೊನೆಗೆ, ತುಸು ರೇಗಿ.

ನಾನು "ಸಾಕು ಬಿಡ್ರಿ" ಎಂದು ತುತ್ತು ಬಾಯಿಗಿಟ್ಟೆ. ಚೆನ್ನಾಗಿದ್ದಾಗಲೂ ಆ ಮನುಷ್ಯ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. ಇಷ್ಟು ವರ್ಷವೂ ನಾನು 'ಇಕಿ'ಯೇ. ಹೆಸರು ಮರೆತರು ಎಂದು ಅಳಲು ಅದು ಯಾವತ್ತು ಅವರ ಹತ್ತಿರ ಇತ್ತು? ಎರಡು ರೊಟ್ಟಿ, ಎಣ್ಣೆಗಾಯಿ, ಹೋಳಿಗೆ, ಅನ್ನ ಸಾರು, ಎಲ್ಲ ಉಂಡರು. ಸಾರಿನಲ್ಲಿ ಉಪ್ಪಿಲ್ಲ ಎಂದರು. ಸಾರು ಮಾಡಿದ್ದು ನಾನಲ್ಲ, ಮೊಮ್ಮಗಳ ಅತ್ತೆ. ಆಕೆಯ ಮುಖ ನೋಡಿ ನನಗೆ ಇನ್ನೊಂದು ಹೋಳಿಗೆ ತಿಂದಷ್ಟು ಸಂತೋಷವಾಯಿತು.

ಅಂದಿನಿಂದ ಮನೆಯಲ್ಲಿ ಇದೇ ಔಷಧ. ತಾಟು ಹಿಡಿದು ಮುಂದೆ ಹೋಗಿ ಒಡಪು ಹೇಳಬೇಕು. ಹೇಳಿದರೆ ಸರಿದು ಜಾಗ ಬಿಡುತ್ತಾರೆ, ಉಪ್ಪಿನ ಒಡಪು ತಿರುಗಿ ಹೇಳುತ್ತಾರೆ, ಬಾಯಿ ತೆರೆಯುತ್ತಾರೆ. ಹೇಳದಿದ್ದರೆ ಹೆಂಡತಿ ಹೊರಗೆ ಹೋಗಿದ್ದಾಳೆ. ನಾಷ್ಟಾಕ್ಕೆ ಒಂದು, ಮಧ್ಯಾಹ್ನಕ್ಕೆ ಒಂದು, ರಾತ್ರಿಗೆ ಒಂದು. ಮರೆವಿನ ರೋಗದಲ್ಲಿ ಒಂದು ಅನುಕೂಲವಿದೆ, ಒಂದೇ ಒಡಪು ಪ್ರತಿ ಸಲವೂ ಅವರಿಗೆ ಹೊಸದು. ಆದರೆ ನನಗೆ ಬೇಸರವಾಯಿತು. ಅಕ್ಕರೆ ಅಕ್ಕರೆ ಎಂದು ದಿನಕ್ಕೆ ಮೂರು ಸಲ ಹೇಳುವಷ್ಟು ಅಕ್ಕರೆ ಯಾವ ಹೆಂಡತಿಯ ಹತ್ತಿರ ಇರುತ್ತದೆ? ಆದ್ದರಿಂದ ಈಗ ಹೊಸವು ಕಟ್ಟುತ್ತೇನೆ. ಮೊನ್ನೆ ತಲೆದಿಂಬು ಹರಿದು ಮನೆ ತುಂಬ ಹತ್ತಿ ಹಾರಿಸಿದ ದಿನ ಹೇಳಿದ್ದು ಇದು:

"ಪುಂಡಿಪಲ್ಯದ ಜೋಡಿ ಹಸಿಮೆಣಸಿನ ಖಾರ,
ಇಂಥವರ ಜೋಡಿ ಸಂಸಾರ ಅಂದ್ರ ತಲಿ ಮ್ಯಾಲ ಭಾರ."

ಅದಕ್ಕೂ ಬಾಯಿ ತೆರೆದರು. ಬೈಗುಳವೋ ಅಕ್ಕರೆಯೋ ಅವರಿಗೆ ಬೇಕಾಗಿಲ್ಲ, ಪ್ರಾಸ ಇರಬೇಕು, ಹೆಸರು ಇರಬೇಕು.

ಕೈ ತೊಳೆದ ಮೇಲೆ ಮತ್ತೆ ನಾನು ಯಾರೋ. "ನೀವು ಯಾರ ಮನಿಯವರು ಯವ್ವಾ?" ಎಂದು ಕೇಳುತ್ತಾರೆ. ಎದುರು ಮನೆಯವಳು ಎನ್ನುತ್ತೇನೆ. ದಿನದಲ್ಲಿ ಮೂರು ಹೊತ್ತು ಮಾತ್ರ ನಾನು ಹೆಂಡತಿ. ಮಿಲ್ಲಿಗೆ ಹೋಗುತ್ತಿದ್ದ ಕಾಲದಲ್ಲಿ ಅಷ್ಟೂ ಇರಲಿಲ್ಲ.

ಜಾಲಹಳ್ಳಿಯ ಉಳಿದ ಪುಡಿ ಡಬ್ಬಿಯಲ್ಲಿ ಹಾಗೇ ಇದೆ. ಹೆಸರು ಅರ್ಧ ಔಷಧ ಎಂದ ಅಜ್ಜನ ಮಾತು ನಿಜವೋ, ಹೋದದ್ದು ಬರುವುದಿಲ್ಲ ಎಂದ ಡಾಕ್ಟರರ ಮಾತು ನಿಜವೋ ನನಗೆ ಗೊತ್ತಿಲ್ಲ. ಗುಳಿಗೆ ನುಂಗಿಸುತ್ತೇನೆ, ಹೆಸರನ್ನೂ ಹೇಳುತ್ತೇನೆ. ಅವ್ವ ಹೇಳಿದ ಲೆಕ್ಕದಲ್ಲಿ ನನ್ನ ಗಂಡನ ಆಯುಷ್ಯ ಇಷ್ಟರಲ್ಲಿ ಪೂರ್ತಿ ಸವೆದುಹೋಗಬೇಕಿತ್ತು. ಅಂಗಿಯ ಗುಂಡಿಗಳು ಮತ್ತೆ ಬಿಗಿಯಾಗಿವೆ.

ಹೋದ ವಾರ ಡಾಕ್ಟರರು ಅವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ ಬೆರಗಾದರು. ಏನು ಮಾಡಿದಿರಿ ಎಂದು ನನ್ನನ್ನು ಕೇಳಿದರು. ಉಣ್ಣಿಸಿದೆ ಎಂದೆ. ಆಮೇಲೆ ಹತ್ತಿಯ ಡಬ್ಬಿಯನ್ನು ದೂರ ಸರಿಸಿಟ್ಟು, ಚೀಟಿ ಕೈಗೆತ್ತಿಕೊಂಡು, ನಗುತ್ತ ಕೇಳಿದರು, ಅಮ್ಮಾ, ಇವತ್ತಾದರೂ ಯಜಮಾನರ ಹೆಸರು ಹೇಳುತ್ತೀರಾ ಎಂದು.

"ಊಟದ ಹೊತ್ತಿಗಿ ಮನಿಗಿ ಬರ್ರಿ, ಹೇಳತೀನಿ," ಎಂದೆ.